ಒಂದು ಕೊಕ್ಕೆ, ಒಂದು ಕುಣಿಕೆ, ಒಂದಿಷ್ಟು ಲೆಕ್ಕ: ಕ್ರೋಶಾ ಹೆಣಿಗೆಯ ಮೊದಲ ಪಾಠಗಳು

ಕ್ರೋಶಾ ಕಲಿಯಲು ಕುಳಿತವರ ಮೊದಲ ಚೌಕ ಸಾಮಾನ್ಯವಾಗಿ ಚೌಕವಾಗಿ ಮುಗಿಯುವುದಿಲ್ಲ. ನಾನು ಹೆಣೆದ ಮೊದಲನೆಯದು ಮೊರದ ಆಕಾರಕ್ಕೆ ತಿರುಗಿತ್ತು. ಬುಡದಲ್ಲಿ 20 ಸ್ಟಿಚ್ ಇದ್ದದ್ದು ಹನ್ನೆರಡನೆಯ ಸಾಲು ಮುಗಿಯುವಾಗ 13ಕ್ಕೆ ಇಳಿದಿತ್ತು. ಎಲ್ಲಿಯೂ ದಾರ ಜಾರಿರಲಿಲ್ಲ, ತೂತು ಬಿದ್ದಿರಲಿಲ್ಲ, ಒಂದೊಂದು ಸ್ಟಿಚ್ಚೂ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆದರೂ ಏಳು ಸ್ಟಿಚ್ಚುಗಳು ಕಾಣೆಯಾಗಿದ್ದವು. ಅವು ಎಲ್ಲಿ ಹೋದವು ಎಂಬುದನ್ನು ಯಾರಾದರೂ ಮೊದಲ ದಿನವೇ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದರೆ ನಾನು ಬಿಚ್ಚಿ ಬಿಚ್ಚಿ ಹಾಳುಮಾಡಿದ ಉಲ್ಲನ್ ದಾರದಲ್ಲಿ ಅರ್ಧವಾದರೂ ಉಳಿಯುತ್ತಿತ್ತು. ಕ್ರೋಶಾದಲ್ಲಿ ಕೈ ಕಲಿಯಬೇಕಾದದ್ದು ಒಂದೇ ಒಂದು ಚಲನೆ. ಮಿಕ್ಕದ್ದೆಲ್ಲ ಹೆಣೆದದ್ದನ್ನು ಕಣ್ಣಿನಿಂದ ಓದುವ ಮತ್ತು ಬೆರಳಿನಿಂದ ಎಣಿಸುವ ಕೆಲಸ. ಹೊಸಬರಿಗೆ ಹೇಳಿಕೊಡುವವರು ಮೊದಲನೆಯದನ್ನು ಚೆನ್ನಾಗಿಯೇ ತೋರಿಸುತ್ತಾರೆ, ಎರಡನೆಯದನ್ನು ಮಾತ್ರ ತಾನಾಗಿಯೇ ಬರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅದು ತಾನಾಗಿ ಬರುವುದಿಲ್ಲ.

ಕ್ರೋಶಾ ಎಂಬುದು ಫ್ರೆಂಚ್ ಮಾತು. ಅಲ್ಲಿ ಅದಕ್ಕೆ ಸಣ್ಣ ಕೊಕ್ಕೆ ಎಂದರ್ಥ. ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ ಮತ್ತು ಒಂದು ಉಂಡೆ ದಾರ, ಬೇಕಾಗುವ ಸಾಮಾನು ಇಷ್ಟೇ. ಎರಡು ಕಡ್ಡಿಗಳಲ್ಲಿ ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳೂ ಬಾಯಿ ತೆರೆದುಕೊಂಡೇ ಕಡ್ಡಿಯ ಮೇಲೆ ಕುಳಿತಿರುತ್ತವೆ. ಅವುಗಳಲ್ಲಿ ಒಂದು ಜಾರಿದರೂ ಕೆಳಗಿನ ಸಾಲುಗಳವರೆಗೆ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾದಲ್ಲಿ ಹಾಗಿಲ್ಲ. ಒಂದು ಸ್ಟಿಚ್ ಮುಗಿಯಿತೆಂದರೆ ಅದು ಮುಚ್ಚಿಕೊಂಡಿತೆಂದೇ ಅರ್ಥ, ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಒಂದು ಕುಣಿಕೆ. ಈ ಕಸುಬಿನ ಸಕಲ ಸ್ವಾತಂತ್ರ್ಯವೂ ಈ ಒಂಟಿ ಕುಣಿಕೆಯಿಂದ ಬಂದದ್ದು. ಬಾಗಿಲಿನ ಗಂಟೆ ಬಾರಿಸಿದರೆ ಕೊಕ್ಕೆಯನ್ನು ಹಾಗೆಯೇ ಕೆಳಗಿಟ್ಟು ಎದ್ದು ಹೋಗಬಹುದು, ತಪ್ಪಾದರೆ ಕೊಕ್ಕೆ ತೆಗೆದು ದಾರ ಎಳೆದು ಬೇಕಾದಷ್ಟೇ ಬಿಚ್ಚಬಹುದು, ಸಾಲಿನ ನಡುವೆಯೇ ತಿರುಗಬಹುದು, ನೇರ ಹೋಗುವುದನ್ನು ಬಿಟ್ಟು ವೃತ್ತದಲ್ಲಿ ಸುತ್ತಬಹುದು.

ಕಡ್ಡಿಯ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ, ಮತ್ತು ಅಳೆಯುವುದು ಕೊಕ್ಕೆಯ ಕುತ್ತಿಗೆಯನ್ನಲ್ಲ, ಅದರ ಹಿಂದಿನ ದುಂಡನೆಯ ಕಾಂಡವನ್ನು. ಕುಣಿಕೆಯ ಗಾತ್ರವನ್ನು ತೀರ್ಮಾನಿಸುವುದು ಆ ಕಾಂಡವೇ. ಕಲಿಯುವವರಿಗೆ 4 ಅಥವಾ 5 ಮಿಲಿಮೀಟರ್‌ನ ಅಲ್ಯೂಮಿನಿಯಂ ಕಡ್ಡಿ, ಅದಕ್ಕೆ ಹೊಂದುವ ನಡುದಪ್ಪದ, ನುಣುಪಾದ, ತಿಳಿಬಣ್ಣದ ಉಲ್ಲನ್ ಸಾಕು. ಕಪ್ಪು ಮತ್ತು ಕಡುನೀಲಿ ಬೇಡ, ತುಪ್ಪಳದಂತೆ ಕೂದಲೆದ್ದ ದಾರ ಖಂಡಿತ ಬೇಡ. ಅವುಗಳಲ್ಲಿ ಸ್ಟಿಚ್ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅನುಭವಸ್ಥರಿಗೂ ಕಾಣುವುದಿಲ್ಲ. ಬಿಳಿ ಹತ್ತಿ ದಾರ ಮತ್ತು 1 ಮಿಲಿಮೀಟರ್ ಆಸುಪಾಸಿನ ಉಕ್ಕಿನ ಕಡ್ಡಿಯಲ್ಲಿ ಮಾಡುವ ಲೇಸಿನ ಕೆಲಸ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಎರಡು ತಿಂಗಳು ಮುಂದೂಡುವುದು ಒಳ್ಳೆಯದು.

ಕಡ್ಡಿ ಹಿಡಿಯುವ ಬಗೆಯ ಬಗ್ಗೆ ವಾದಗಳಿವೆ. ಪೆನ್ಸಿಲ್ ಹಿಡಿದಂತೆ ಹಿಡಿಯುವವರಿದ್ದಾರೆ, ತರಕಾರಿ ಹೆಚ್ಚುವ ಚಾಕುವಿನಂತೆ ಮೇಲಿನಿಂದ ಹಿಡಿಯುವವರಿದ್ದಾರೆ, ಎರಡೂ ಸರಿ. ಎಡಗೈಯ ಕೆಲಸ ಮಾತ್ರ ಅದಕ್ಕಿಂತ ಮುಖ್ಯ. ಉಂಡೆಯಿಂದ ಬರುವ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳುಗಳ ಕೆಳಗೆ ಹಾಯಿಸಿ, ತೋರುಬೆರಳಿನ ಮೇಲೆ ತಂದುಕೊಂಡರೆ ದಾರ ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ ಎಂಬ ಹದದಲ್ಲಿ ಹರಿಯುತ್ತದೆ. ಹೆಬ್ಬೆರಳು ಮತ್ತು ಮಧ್ಯದ ಬೆರಳು ಹೆಣೆದ ಭಾಗವನ್ನು ಕೊಕ್ಕೆಗೆ ಆದಷ್ಟು ಹತ್ತಿರದಲ್ಲಿ ಹಿಡಿದಿರಬೇಕು. ಹೊಸಬರ ಹೆಣಿಗೆ ಬಿಗಿಯಾಗುವುದು ಬಹುಪಾಲು ಬಲಗೈಯ ತಪ್ಪಿನಿಂದಲ್ಲ, ಎಡಗೈ ದಾರವನ್ನು ಗಾಳಿಪಟದ ದಾರದಂತೆ ಜಗ್ಗಿ ಹಿಡಿಯುವುದರಿಂದ. ಎಡಚರು ಇಲ್ಲಿ ಹೇಳಿದ್ದನ್ನೆಲ್ಲ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು: ಬಲಗೈಯವರ ಸಾಲು ಬಲದಿಂದ ಎಡಕ್ಕೆ ಹೋದರೆ ಅವರದು ಎಡದಿಂದ ಬಲಕ್ಕೆ, ಅಂದರೆ ಕನ್ನಡ ಬರೆಯುವ ದಿಕ್ಕಿಗೇ, ಸಾಗುತ್ತದೆ.

ಸರಪಳಿಯನ್ನು ಓದುವುದು

ಎಲ್ಲದರ ಆರಂಭ ಒಂದು ಜೀರುಗುಣಿಕೆ. ದಾರದ ತುದಿಯನ್ನು ಸುಮಾರು 15 ಸೆಂಟಿಮೀಟರ್ ಬಿಟ್ಟು ಒಂದು ಉಂಗುರ ಮಾಡಿ, ಉಂಡೆಯ ಕಡೆಯ ದಾರವನ್ನು ಆ ಉಂಗುರದೊಳಗಿನಿಂದ ಕುಣಿಕೆಯಾಗಿ ಹೊರಗೆಳೆದು ಕೊಕ್ಕೆಗೆ ಹಾಕಿಕೊಳ್ಳಬೇಕು. ಉಂಡೆಯ ಕಡೆಯ ದಾರ ಎಳೆದಾಗ ಕುಣಿಕೆ ಕಿರಿದಾದರೆ ಗಂಟು ಸರಿಯಾಗಿದೆ. ಕುಣಿಕೆ ಕಡ್ಡಿಯ ಕಾಂಡದ ಮೇಲೆ ಸಲೀಸಾಗಿ ಹಿಂದೆ ಮುಂದೆ ಜಾರುವಷ್ಟು ಸಡಿಲವಿರಲಿ.

ಈಗ ಆ ಒಂದೇ ಚಲನೆ. ಉಂಡೆಯ ದಾರವನ್ನು ಕೊಕ್ಕೆಯ ಹಿಂದಿನಿಂದ ಮೇಲೆ ಹಾಯಿಸಿ ಮುಂದಕ್ಕೆ ತರಬೇಕು, ಕೊಕ್ಕೆಯ ಬಾಯಿಯನ್ನು ಸ್ವಲ್ಪ ಕೆಳಮುಖವಾಗಿ ತಿರುಗಿಸಿ ಆ ದಾರವನ್ನು ಹಿಡಿಯಬೇಕು, ಕಡ್ಡಿಯ ಮೇಲಿದ್ದ ಕುಣಿಕೆಯೊಳಗಿನಿಂದ ಅದನ್ನು ಎಳೆದುಕೊಳ್ಳಬೇಕು. ಹಳೆಯ ಕುಣಿಕೆ ಕೆಳಗಿಳಿಯಿತು, ಹೊಸ ಕುಣಿಕೆ ಅದರ ಜಾಗಕ್ಕೆ ಬಂತು. ಒಂದು ಚೈನ್ ಆಯಿತು. ದಾರ ಸುತ್ತಿಕೊಳ್ಳುವುದು, ಎಳೆದುಕೊಳ್ಳುವುದು ಎಂಬ ಈ ಜೋಡಿಯನ್ನು ಬಿಟ್ಟರೆ ಕ್ರೋಶಾದಲ್ಲಿ ಬೇರೆ ಯಾವ ರಹಸ್ಯವೂ ಇಲ್ಲ. ಮುಂದೆ ಬರುವ ಸ್ಟಿಚ್ಚುಗಳೆಲ್ಲ ಎಲ್ಲಿ ಚುಚ್ಚಬೇಕು, ಎಷ್ಟು ಸಲ ಸುತ್ತಿಕೊಳ್ಳಬೇಕು, ಎಷ್ಟು ಕುಣಿಕೆಗಳೊಳಗಿನಿಂದ ಎಳೆಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರಗಳಷ್ಟೆ. ದಾರವನ್ನು ಸುತ್ತುವ ದಿಕ್ಕು ಮಾತ್ರ ಬದಲಾಗಬಾರದು. ಕೆಲವರು ಅರಿವಿಲ್ಲದೆ ದಾರದ ಮೇಲಿನಿಂದ ಕೊಕ್ಕೆಯನ್ನು ಹಾಕಿ ಕೆಳಗಿನಿಂದ ಹಿಡಿದೆಳೆಯುತ್ತಾರೆ. ಆಗಲೂ ಸ್ಟಿಚ್ ಆಗುತ್ತದೆ, ಆದರೆ ಅದು ಇನ್ನಷ್ಟು ಬಿಗಿಯಾಗಿ ಕುಳಿತು ಕಾಲುಗಳು ಒಂದನ್ನೊಂದು ಕತ್ತರಿಯಂತೆ ದಾಟುತ್ತವೆ. ಬೊಂಬೆ ಮಾಡುವವರು ಅದನ್ನು ಬೇಕೆಂದೇ ಮಾಡುವುದುಂಟು, ಆದರೆ ಒಂದೇ ತುಂಡಿನಲ್ಲಿ ಎರಡನ್ನೂ ಬೆರೆಸಿದರೆ ಹೆಣಿಗೆ ಒಂದೇ ಸಮನಾಗಿ ಕಾಣುವುದಿಲ್ಲ.

20 ಚೈನ್ ಹಾಕಿದ ಮೇಲೆ ನಿಲ್ಲಿಸಿ ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ನೋಡಬೇಕು. ಮುಂಭಾಗ ನೀಟಾಗಿ ಹಾಕಿದ ಜಡೆಯಂತಿದೆ: ಒಂದರೊಳಗೊಂದು ಸೇರಿಕೊಂಡ ವಿ ಆಕಾರಗಳು. ಒಂದು ವಿ ಎಂದರೆ ಒಂದು ಚೈನ್. ಕೊಕ್ಕೆಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು, ಬುಡದ ಗಂಟನ್ನೂ ಎಣಿಸಬಾರದು. ಸರಪಳಿಯನ್ನು ಮಗುಚಿದರೆ ಹಿಂಭಾಗದಲ್ಲಿ ಪ್ರತಿ ಚೈನಿಗೂ ಒಂದೊಂದು ಸಣ್ಣ ಉಬ್ಬು ಕಾಣಿಸುತ್ತದೆ. ಅಂದರೆ ಒಂದು ಚೈನಿಗೆ ಮೂರು ಎಳೆಗಳು, ಮುಂದೆ ಎರಡು, ಹಿಂದೆ ಒಂದು. ಮೊದಲ ಸಾಲನ್ನು ಹೆಣೆಯುವಾಗ ಕೊಕ್ಕೆ ಎಲ್ಲಿಗೆ ಹೋಗಬೇಕು ಎಂಬ ಗೊಂದಲ ಹುಟ್ಟುವುದೇ ಈ ಮೂರು ಎಳೆಗಳಿಂದ. ವಿ ಆಕಾರದ ಮೇಲಿನ ಎಳೆಯೊಂದರ ಕೆಳಗೆ ಚುಚ್ಚುವುದು ಸುಲಭ, ಆರಂಭಕ್ಕೆ ಅದು ಸಾಕು. ಹಿಂದಿನ ಉಬ್ಬಿಗೆ ಚುಚ್ಚಿದರೆ ಕೆಳಅಂಚಿನಲ್ಲಿಯೂ ಜಡೆಯ ಸಾಲು ಉಳಿದು ಬಹಳ ಅಂದವಾಗಿ ಕಾಣುತ್ತದೆ, ಆದರೆ ಮೊದಲ ದಿನ ಅದು ತಾಳ್ಮೆಗೆಡಿಸುತ್ತದೆ. ಯಾವುದನ್ನು ಆರಿಸಿಕೊಂಡರೂ ಸಾಲಿನ ಕೊನೆಯವರೆಗೆ ಅದನ್ನೇ ಪಾಲಿಸುವುದು ಮುಖ್ಯ.

ಒಂದೇ ವಂಶದ ನಾಲ್ಕು ಎತ್ತರಗಳು

ಸಿಂಗಲ್ ಕ್ರೋಶಾ ಮೊದಲನೆಯದು ಮತ್ತು ಗಿಡ್ಡನೆಯದು. 20 ಸ್ಟಿಚ್ಚಿನ ಸಾಲು ಬೇಕಿದ್ದರೆ 21 ಚೈನ್ ಹಾಕಬೇಕು, ಕೊಕ್ಕೆಯಿಂದ ಎಣಿಸಿದಾಗ ಎರಡನೆಯದಾಗಿ ಬರುವ ಚೈನಿಗೆ ಕೊಕ್ಕೆಯನ್ನು ತೂರಿಸಬೇಕು. ದಾರ ಸುತ್ತಿಕೊಂಡು ಆ ಚೈನಿನೊಳಗಿನಿಂದ ಮಾತ್ರ ಎಳೆದುಕೊಂಡಾಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಸುತ್ತಿಕೊಂಡು ಆ ಎರಡರೊಳಗಿನಿಂದಲೂ ಒಟ್ಟಿಗೆ ಎಳೆದರೆ ಒಂದು ಉಳಿಯುತ್ತದೆ, ಸ್ಟಿಚ್ ಮುಗಿಯುತ್ತದೆ. ಇಲ್ಲಿ ಒಂದು ಕ್ಷಣ ನಿಂತು ಗಮನಿಸಬೇಕಾದದ್ದು ಮೊದಲ ಎಳೆತವನ್ನು. ಚೈನಿನಿಂದ ಮೇಲಕ್ಕೆ ಬಂದ ಆ ಕುಣಿಕೆಯನ್ನು ಎಷ್ಟು ಎತ್ತರಕ್ಕೆ ಎಳೆದಿರೋ ಸ್ಟಿಚ್ಚಿನ ಎತ್ತರವೂ ಅಷ್ಟೇ ಆಗುತ್ತದೆ. ಅದನ್ನು ಕೊಕ್ಕೆಯ ಸಣ್ಣ ಕುತ್ತಿಗೆಯಲ್ಲೇ ಬಿಗಿದುಬಿಟ್ಟರೆ ಮುಂದಿನ ಸಾಲಿನಲ್ಲಿ ಕೊಕ್ಕೆ ಒಳಗೆ ಹೋಗಲು ಮೊಂಡಾಟ ಮಾಡುತ್ತದೆ. ಕಡ್ಡಿಯ ಕಾಂಡದವರೆಗೆ ಜಾರಿಸಿಕೊಂಡರೆ ಸ್ಟಿಚ್ಚುಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಕೊಕ್ಕೆ ತೂರಿಸುವಾಗ ಒತ್ತಡ ಹಾಕಬೇಕಾಗಿ ಬಂದರೆ ಕೈ ಬಿಗಿಯಾಗಿದೆ ಎಂದು ತಿಳಿಯಬೇಕು.

ಉಳಿದ ಮೂರು ಸ್ಟಿಚ್ಚುಗಳು ಇದೇ ವಂಶದವು. ಎತ್ತರವನ್ನು ಹೆಚ್ಚಿಸುವ ಉಪಾಯ ಒಂದೇ: ಚುಚ್ಚುವ ಮೊದಲೇ ಕಡ್ಡಿಗೆ ದಾರ ಸುತ್ತಿಕೊಳ್ಳುವುದು. ಒಂದು ಸಲ ಸುತ್ತಿಕೊಂಡು ಚುಚ್ಚಿ ಎಳೆದುಕೊಂಡರೆ ಕಡ್ಡಿಯ ಮೇಲೆ ಮೂರು ಕುಣಿಕೆಗಳಿರುತ್ತವೆ. ಮತ್ತೆ ದಾರ ಸುತ್ತಿಕೊಂಡು ಮೂರರೊಳಗಿನಿಂದಲೂ ಒಮ್ಮೆಲೇ ಎಳೆದರೆ ಅದು ಹಾಫ್ ಡಬಲ್. ಅವೇ ಮೂರನ್ನು ಎರಡೆರಡಾಗಿ ಇಳಿಸಿದರೆ, ಅಂದರೆ ದಾರ ಸುತ್ತಿ ಎರಡರಿಂದ ಎಳೆದು, ಮತ್ತೆ ಸುತ್ತಿ ಉಳಿದೆರಡರಿಂದ ಎಳೆದರೆ, ಅದು ಡಬಲ್ ಕ್ರೋಶಾ. ಮೊದಲಿಗೆ ಎರಡು ಸಲ ಸುತ್ತಿಕೊಂಡು ಚುಚ್ಚಿ ಎಳೆದುಕೊಂಡರೆ ನಾಲ್ಕು ಕುಣಿಕೆಗಳಾಗುತ್ತವೆ, ಅವನ್ನು ಎರಡೆರಡಾಗಿ ಮೂರು ಸಲ ಇಳಿಸಿದರೆ ಟ್ರೆಬಲ್. ಇನ್ನೂ ಎತ್ತರ ಬೇಕೆಂದರೆ ಮೂರು ಸಲ, ನಾಲ್ಕು ಸಲ ಸುತ್ತಿಕೊಳ್ಳಬಹುದು, ನಿಯಮ ಬದಲಾಗುವುದಿಲ್ಲ. ಡಬಲ್ ಕ್ರೋಶಾಗೆ ಮರಾಠಿಯಲ್ಲಿ ಹೆಣೆಯುವವರು ಖಾಂಬ, ಅಂದರೆ ಕಂಬ, ಎನ್ನುತ್ತಾರೆ, ಚೈನಿಗೆ ಸಾಖಳಿ. ಸರಪಳಿಯ ಅಡಿಪಾಯದ ಮೇಲೆ ಸಾಲಾಗಿ ಎದ್ದು ನಿಂತ ಆ ಸ್ಟಿಚ್ಚುಗಳನ್ನು ನೋಡಿದರೆ ಅದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ, ಮತ್ತು ಈ ಹೆಸರು ಇಂಗ್ಲಿಷಿನ ಹೆಸರುಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ ಎಂದು ನನ್ನ ಅಭಿಪ್ರಾಯ.

ಇಂಗ್ಲಿಷ್ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಮೇಲೆ ಹೇಳಿದ್ದು ಅಮೆರಿಕದವರ ಹೆಸರುಗಳು. ಬ್ರಿಟನ್ನಿನಲ್ಲಿ ಅಮೆರಿಕದ ಸಿಂಗಲ್ ಕ್ರೋಶಾವನ್ನೇ ಡಬಲ್ ಕ್ರೋಶಾ ಎನ್ನುತ್ತಾರೆ, ಅಮೆರಿಕದ ಡಬಲ್ಲಿಗೆ ಅಲ್ಲಿ ಟ್ರೆಬಲ್ ಎಂದು ಹೆಸರು. ಈ ಎರಡನ್ನು ನೆನಪಿಟ್ಟುಕೊಳ್ಳಲು ಒಂದು ದಾರಿಯಿದೆ: ಎಳೆದುಕೊಂಡಾದ ಮೇಲೆ ಕಡ್ಡಿಯ ಮೇಲೆ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿದರೆ ಬ್ರಿಟಿಷ್ ಹೆಸರು ಸಿಗುತ್ತದೆ, ಅವನ್ನು ಇಳಿಸಲು ಎಷ್ಟು ಸಲ ಎಳೆಯಬೇಕು ಎಂದು ಎಣಿಸಿದರೆ ಅಮೆರಿಕದ ಹೆಸರು ಸಿಗುತ್ತದೆ. ಎರಡು ಕುಣಿಕೆ, ಒಂದು ಎಳೆತ. ಹಾಗಾಗಿ ಬ್ರಿಟನ್ನಿನವರಿಗೆ ಡಬಲ್, ಅಮೆರಿಕದವರಿಗೆ ಸಿಂಗಲ್. ಒಂದು ಪ್ಯಾಟರ್ನಿನಲ್ಲಿ, ಅಂದರೆ ಹೆಣೆಯುವ ಕ್ರಮವನ್ನು ಬರೆದಿಟ್ಟ ಸೂಚನೆಯಲ್ಲಿ, ಸಿಂಗಲ್ ಕ್ರೋಶಾ ಎಂಬ ಮಾತು ಬಂದರೆ ಅದು ಅಮೆರಿಕದ ಲೆಕ್ಕವೆಂದು ನಿಶ್ಚಿಂತೆಯಿಂದ ತಿಳಿಯಬಹುದು, ಏಕೆಂದರೆ ಈಗಿನ ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರಿನ ಸ್ಟಿಚ್ಚೇ ಇಲ್ಲ. ಇದನ್ನು ಗಮನಿಸದೆ ಹೆಣೆದರೆ ಟೋಪಿಯಾಗಬೇಕಾದದ್ದು ಚೀಲವಾಗುತ್ತದೆ.

ಇವಲ್ಲದೆ ಎತ್ತರವೇ ಇಲ್ಲದ ಒಂದು ಸ್ಟಿಚ್ಚೂ ಉಂಟು, ಅದು ಸ್ಲಿಪ್ ಸ್ಟಿಚ್. ಚುಚ್ಚಿ, ದಾರ ಸುತ್ತಿಕೊಂಡು, ಹೆಣಿಗೆಯಿಂದಲೂ ಕಡ್ಡಿಯ ಕುಣಿಕೆಯಿಂದಲೂ ಒಂದೇ ಉಸಿರಿಗೆ ಎಳೆದುಬಿಡುವುದು. ವೃತ್ತದ ಎರಡು ತುದಿಗಳನ್ನು ಸೇರಿಸಲು, ದಾರ ಕತ್ತರಿಸದೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯಲು ಅದು ಬೇಕಾಗುತ್ತದೆ.

ಕಾಣೆಯಾದ ಏಳು ಸ್ಟಿಚ್ಚುಗಳು

ಸಾಲು ಮುಗಿಯಿತು, ಹೆಣಿಗೆಯನ್ನು ಪುಸ್ತಕದ ಹಾಳೆಯಂತೆ ತಿರುಗಿಸಬೇಕು. ಆದರೆ ಕೊಕ್ಕೆ ಈಗ ಸಾಲಿನ ನೆತ್ತಿಯಲ್ಲಿದೆ, ಮುಂದಿನ ಸಾಲಿನ ನೆತ್ತಿ ಇನ್ನೊಂದು ಸ್ಟಿಚ್ಚಿನಷ್ಟು ಮೇಲಿದೆ. ಅಲ್ಲಿಗೆ ಏರಲು ಮೆಟ್ಟಿಲು ಬೇಕು. ಆ ಮೆಟ್ಟಿಲೇ ತಿರುಗುವಾಗ ಹಾಕುವ ಚೈನುಗಳು: ಸಿಂಗಲ್‌ಗೆ 1, ಹಾಫ್ ಡಬಲ್‌ಗೆ 2, ಡಬಲ್‌ಗೆ 3, ಟ್ರೆಬಲ್‌ಗೆ 4. ಸ್ಟಿಚ್ಚಿನ ಎತ್ತರಕ್ಕೆ ಸರಿಹೊಂದುವ ಸಂಖ್ಯೆಗಳಿವು, ಇಷ್ಟರವರೆಗೆ ಎಲ್ಲರಿಗೂ ಅರ್ಥವಾಗುತ್ತದೆ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಿಂಗಲ್ ಕ್ರೋಶಾದ ಒಂಟಿ ಚೈನ್ ಬರೀ ಮೆಟ್ಟಿಲು. ಅದನ್ನು ಸ್ಟಿಚ್ ಎಂದು ಎಣಿಸುವ ರೂಢಿಯಿಲ್ಲ. ಆದ್ದರಿಂದ ತಿರುಗಿದ ಮೇಲೆ ಮೊದಲ ಸ್ಟಿಚ್ಚನ್ನು ಆ ಚೈನಿನ ಬುಡದಲ್ಲೇ ಇರುವ ಸ್ಟಿಚ್ಚಿಗೆ ಹಾಕಬೇಕು. ಡಬಲ್ ಕ್ರೋಶಾದ ಮೂರು ಚೈನುಗಳು ಹಾಗಲ್ಲ. ಅವು ಒಂದು ಕಂಬದಷ್ಟೇ ಎತ್ತರವಾಗಿ, ನೋಡಲೂ ಕಂಬದಂತೆಯೇ ನಿಲ್ಲುವುದರಿಂದ ಅವನ್ನು ಆ ಸಾಲಿನ ಮೊದಲ ಸ್ಟಿಚ್ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಬುಡದ ಸ್ಟಿಚ್ಚನ್ನು ಬಿಟ್ಟು ಅದರ ಪಕ್ಕದ್ದಕ್ಕೆ ಚುಚ್ಚಬೇಕು. ಮೊದಲ ಸಾಲಿನ ಲೆಕ್ಕವೂ ಇದೇ ಕಾರಣಕ್ಕೆ ಬೇರೆ: 20 ಡಬಲ್ ಬೇಕಿದ್ದರೆ 22 ಚೈನ್ ಹಾಕಿ, ಕೊಕ್ಕೆಯಿಂದ ನಾಲ್ಕನೆಯದಕ್ಕೆ ಚುಚ್ಚಬೇಕು, ಬಿಟ್ಟ ಮೂರು ಚೈನುಗಳು ಒಂದು ಕಂಬ, ಹೆಣೆದದ್ದು 19, ಒಟ್ಟು 20.

ಈಗ ಸಾಲಿನ ಕೊನೆಗೆ ಬರೋಣ. ಡಬಲ್ ಕ್ರೋಶಾದ ಸಾಲಿನ ಕೊನೆಯಲ್ಲಿ ನಿಂತಿರುವುದು ಹಿಂದಿನ ಸಾಲಿನ ಆ ಮೂರು ಚೈನುಗಳ ಕಂಬ. ಅದು ಸಪೂರವಾಗಿ, ಅಂಚಿಗೆ ವಾಲಿಕೊಂಡು, ಸ್ಟಿಚ್ಚಲ್ಲವೇನೋ ಎಂಬಂತೆ ಕಾಣುತ್ತದೆ. ಹೊಸಬರು ಅದರ ಹಿಂದಿನ ಸ್ಟಿಚ್ಚಿಗೆ ನಿಲ್ಲಿಸಿ ಸಾಲು ಮುಗಿಯಿತೆಂದು ತಿರುಗುತ್ತಾರೆ. ಒಂದು ಸ್ಟಿಚ್ ಹೋಯಿತು. ಮುಂದಿನ ಸಾಲಿನಲ್ಲಿ ಇನ್ನೊಂದು ಅಂಚಿನಲ್ಲಿ ಮತ್ತೊಂದು ಹೋಗುತ್ತದೆ, ಹಾಗಾಗಿ ತುಂಡು ಎರಡೂ ಕಡೆಯಿಂದ ಸಮನಾಗಿ ಕಿರಿದಾಗುತ್ತದೆ, ಮತ್ತು ಸಮನಾಗಿ ಕಿರಿದಾಗುವುದರಿಂದಲೇ ತಪ್ಪು ತಪ್ಪಿನಂತೆ ಕಾಣುವುದಿಲ್ಲ. ನನ್ನ ಏಳು ಸ್ಟಿಚ್ಚುಗಳು ಹೋದದ್ದು ಹೀಗೆಯೇ. ಆ ಮೂರನೆಯ ಚೈನಿನ ನೆತ್ತಿಗೆ, ಅದರ ಎರಡು ಎಳೆಗಳ ಕೆಳಗೆ ಕೊಕ್ಕೆ ತೂರಿಸಿ ಕೊನೆಯ ಕಂಬವನ್ನು ಹಾಕಲೇಬೇಕು. ಇದರ ವಿರುದ್ಧದ ತಪ್ಪೂ ಇದೆ: ಮೂರು ಚೈನನ್ನು ಕಂಬವೆಂದು ಎಣಿಸುತ್ತಲೇ ಅದರ ಬುಡಕ್ಕೂ ಒಂದು ಡಬಲ್ ಹಾಕಿದರೆ ಪ್ರತಿ ಸಾಲಿಗೂ ಒಂದು ಹೆಚ್ಚಾಗಿ ತುಂಡು ಮೇಲಕ್ಕೆ ಹೋದಂತೆ ಅಗಲವಾಗುತ್ತದೆ.

ಇದಕ್ಕೆ ಸುಲಭವಾದ ಕಾವಲೆಂದರೆ ಸೇಫ್ಟಿ ಪಿನ್. ಸಾಲಿನ ಮೊದಲ ಸ್ಟಿಚ್ಚಿನ ನೆತ್ತಿಗೆ ಒಂದು, ಕೊನೆಯದಕ್ಕೆ ಒಂದು ಪಿನ್ ಚುಚ್ಚಿಟ್ಟುಕೊಂಡು ಸಾಲು ಸಾಲಿಗೂ ಮೇಲಕ್ಕೆ ಸರಿಸುತ್ತ ಹೋದರೆ ಅಂಚು ತಪ್ಪುವುದಿಲ್ಲ. ಮೊದಲ ಹತ್ತು ಸಾಲುಗಳನ್ನು ಒಂದೂ ಬಿಡದೆ ಎಣಿಸಬೇಕು. ಎಣಿಸುವಾಗ ಕಂಬಗಳನ್ನು ಎಣಿಸುವುದಕ್ಕಿಂತ ನೆತ್ತಿಯ ವಿ ಆಕಾರಗಳನ್ನು ಎಣಿಸುವುದು ಸುಲಭ, ಏಕೆಂದರೆ ಪ್ರತಿ ಸ್ಟಿಚ್ಚಿನ ತಲೆಯ ಮೇಲೂ ಸರಪಳಿಯಲ್ಲಿ ಕಂಡ ಅದೇ ಜಡೆಯಿರುತ್ತದೆ. ಆ ವಿಯ ಎರಡೂ ಎಳೆಗಳ ಕೆಳಗೆ ಕೊಕ್ಕೆ ಹೋಗುವುದು ಸಾಮಾನ್ಯ ಕ್ರಮ. ಹಿಂದಿನ ಎಳೆಯೊಂದನ್ನೇ ಹಿಡಿದು ಸಾಲು ಸಾಲು ಹೆಣೆದರೆ ಉಳಿದ ಎಳೆಗಳು ಗೆರೆಗಳಾಗಿ ಎದ್ದು, ಸ್ವೆಟರಿನ ಕೈತುದಿಯಲ್ಲಿರುವಂತಹ ಹಿಗ್ಗುವ ಅಂಚು ಸಿಗುತ್ತದೆ.

ವೃತ್ತವೇಕೆ ಬಟ್ಟಲಾಗುತ್ತದೆ

ವೃತ್ತದಲ್ಲಿ ಹೆಣೆಯುವಾಗ ತಿರುಗುವ ರಗಳೆಯಿಲ್ಲ, ಆದರೆ ಬೇರೆ ಲೆಕ್ಕ ಎದುರಾಗುತ್ತದೆ. 4 ಚೈನ್ ಹಾಕಿ ಸ್ಲಿಪ್ ಸ್ಟಿಚ್ಚಿನಿಂದ ಉಂಗುರ ಮಾಡಿಕೊಂಡು, ಆ ಉಂಗುರದ ಹೊಟ್ಟೆಗೇ 6 ಸಿಂಗಲ್ ಕ್ರೋಶಾ ಹಾಕಬೇಕು. ಎರಡನೆಯ ಸುತ್ತಿನಲ್ಲಿ ಪ್ರತಿ ಸ್ಟಿಚ್ಚಿಗೂ ಎರಡೆರಡು ಹಾಕಿದರೆ 12. ಮೂರನೆಯದರಲ್ಲಿ ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು ಎಂಬ ಕ್ರಮದಲ್ಲಿ 18. ನಾಲ್ಕನೆಯದರಲ್ಲಿ ಎರಡಕ್ಕೆ ಒಂದೊಂದು, ಮೂರನೆಯದಕ್ಕೆ ಎರಡು ಹಾಕಿ 24. ಸುತ್ತಿಗೆ ಆರು ಆರಾಗಿ ಏರುತ್ತದೆ. ಆರೇ ಏಕೆ ಎಂಬುದಕ್ಕೆ ಉತ್ತರ ಶಾಲೆಯಲ್ಲಿ ಕಲಿತ ಗಣಿತದಲ್ಲೇ ಇದೆ. ಒಂದು ಸುತ್ತು ಹೆಣೆದರೆ ವೃತ್ತದ ತ್ರಿಜ್ಯ ಒಂದು ಸ್ಟಿಚ್ಚಿನ ಎತ್ತರದಷ್ಟು ಬೆಳೆಯುತ್ತದೆ. ತ್ರಿಜ್ಯ ಒಂದಳತೆ ಬೆಳೆದರೆ ಪರಿಧಿ ಎರಡು ಪೈ, ಅಂದರೆ ಸುಮಾರು 6.28 ಅಳತೆ ಬೆಳೆಯಬೇಕು. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮವಿರುವುದರಿಂದ ಪ್ರತಿ ಸುತ್ತಿಗೂ ಆರು ಸ್ಟಿಚ್ಚುಗಳು ಹೆಚ್ಚಾಗಬೇಕಾಗುತ್ತದೆ. ಡಬಲ್ ಕ್ರೋಶಾ ಅದರ ಎರಡರಷ್ಟು ಎತ್ತರವಿರುವುದರಿಂದ ಅಲ್ಲಿ 12, 24, 36 ಎಂದು ಹನ್ನೆರಡು ಹನ್ನೆರಡಾಗಿ ಏರುತ್ತದೆ.

ಇದನ್ನು ತಿಳಿದುಕೊಂಡರೆ ತಪ್ಪುಗಳೂ ತಾವಾಗಿಯೇ ಮಾತಾಡತೊಡಗುತ್ತವೆ. ಹೆಚ್ಚಿಸಬೇಕಾದಷ್ಟು ಹೆಚ್ಚಿಸದಿದ್ದರೆ ಪರಿಧಿ ಸಾಲದೆ ಅಂಚು ಮೇಲೇಳುತ್ತದೆ, ತಟ್ಟೆ ಬಟ್ಟಲಾಗುತ್ತದೆ. ಟೋಪಿ, ಬುಟ್ಟಿ, ಬೊಂಬೆಯ ತಲೆ ಎಲ್ಲವೂ ಹುಟ್ಟುವುದು ಇಲ್ಲಿಂದಲೇ: ಬೇಕಾದಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಗೋಡೆ ಎದ್ದು ನಿಲ್ಲುತ್ತದೆ. ಮತ್ತೆ ಕಿರಿದಾಗಿಸಲು ಎರಡು ಸ್ಟಿಚ್ಚುಗಳಿಂದ ಒಂದೊಂದು ಕುಣಿಕೆ ಎಳೆದುಕೊಂಡು, ಕಡ್ಡಿಯ ಮೇಲಿನ ಮೂರನ್ನೂ ಒಟ್ಟಿಗೆ ಇಳಿಸಿದರೆ ಎರಡು ಸ್ಟಿಚ್ಚುಗಳು ಒಂದಾಗುತ್ತವೆ. ಇದಕ್ಕೆ ವಿರುದ್ಧವಾಗಿ ಲೆಕ್ಕಕ್ಕಿಂತ ಹೆಚ್ಚು ಸ್ಟಿಚ್ಚುಗಳನ್ನು ತುರುಕಿದರೆ ಪರಿಧಿಗೆ ಜಾಗ ಸಾಲದೆ ಅಂಚು ಕೋಳಿಜುಟ್ಟಿನ ಹೂವಿನಂತೆ ಸುಕ್ಕು ಸುಕ್ಕಾಗಿ ಅಲೆಯೇಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಈ ಸುಕ್ಕನ್ನೇ ಗಣಿತದ ಮಾದರಿಯನ್ನಾಗಿಸಿದರು. ಒಂದೇ ಅನುಪಾತದಲ್ಲಿ ಸ್ಟಿಚ್ಚುಗಳನ್ನು ಹೆಚ್ಚಿಸುತ್ತ ಹೋದರೆ ಹೈಪರ್ಬೋಲಿಕ್ ಜ್ಯಾಮಿತಿಯ ಮೇಲ್ಮೈ, ಅಂದರೆ ಎಲ್ಲೆಡೆ ಕುದುರೆಯ ಜೀನಿನಂತೆ ಬಾಗಿದ ಮೇಲ್ಮೈ, ಕೈಯಲ್ಲಿ ಹಿಡಿದು ಮಡಿಸಿ ನೋಡುವಂತೆ ಸಿಗುತ್ತದೆ ಎಂಬುದನ್ನು ಅವರು ಕ್ರೋಶಾದಲ್ಲೇ ಹೆಣೆದು ತೋರಿಸಿದರು. ತಟ್ಟೆ ಮುಚ್ಚಲೆಂದು ಹೆಣೆದ ವೃತ್ತ ಸುಕ್ಕಾಗಿ ಬಂದರೆ ಅದನ್ನು ಇಸ್ತ್ರಿ ಹಾಕಿ ಸರಿಮಾಡಲು ಹೋಗಬಾರದು ಎಂಬ ಪಾಠ ಮಾತ್ರ ನಮಗೆ ಸಾಕು; ಲೆಕ್ಕ ತಪ್ಪಿದ ಸುತ್ತಿನವರೆಗೆ ಬಿಚ್ಚಬೇಕು.

ಚೌಕ ಬೇಕಾದರೆ ಹೆಚ್ಚಿಸುವುದನ್ನೆಲ್ಲ ನಾಲ್ಕು ಮೂಲೆಗಳಲ್ಲೇ ಮಾಡಬೇಕು: ಮೂಲೆಯ ಒಂದೇ ಕಿಂಡಿಗೆ ಮೂರು ಕಂಬ, ಎರಡು ಚೈನ್, ಮತ್ತೆ ಮೂರು ಕಂಬ. ಎಲ್ಲ ಕಡೆ ಕಾಣುವ ಬಣ್ಣ ಬಣ್ಣದ ಗ್ರ್ಯಾನಿ ಸ್ಕ್ವೇರ್ ಇದೇ.

ಸೀರೆಯ ಸೆರಗಿನಲ್ಲಿ

ಕರ್ನಾಟಕದಲ್ಲಿ ಈಗ ಅನೇಕರು ಕ್ರೋಶಾ ಕಡ್ಡಿಯನ್ನು ಮೊದಲ ಬಾರಿ ಕೈಗೆ ತೆಗೆದುಕೊಳ್ಳುವುದು ಸೀರೆಗೆ ಕುಚ್ಚು ಹಾಕಲು. ಅಲ್ಲಿಯೂ ಇರುವುದು ಮೇಲೆ ಹೇಳಿದ ಸ್ಟಿಚ್ಚುಗಳೇ. ಸೆರಗಿನ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗೆ ಮೊನೆಯಾದ ಉಕ್ಕಿನ ಕಡ್ಡಿಯಿಂದ ಬಟ್ಟೆಯನ್ನೇ ಚುಚ್ಚಿ, ಹಿಂದಿನ ದಾರವನ್ನು ಮುಂದಕ್ಕೆ ಎಳೆದು, ಅಂಚಿನ ಮೇಲೆ ಒಂದು ಸಿಂಗಲ್ ಕ್ರೋಶಾ ಮಾಡುತ್ತಾರೆ. ನಂತರ ಕೆಲವು ಚೈನ್, ಸ್ವಲ್ಪ ದೂರದಲ್ಲಿ ಮತ್ತೊಂದು ಸಿಂಗಲ್; ಹೀಗೆ ಸೆರಗಿನ ಉದ್ದಕ್ಕೂ ಕಮಾನುಗಳ ಸಾಲು ಏಳುತ್ತದೆ. ಎರಡನೆಯ ಸಾಲಿನಲ್ಲಿ ಆ ಕಮಾನುಗಳ ಹೊಟ್ಟೆಗೆ ಕಂಬಗಳನ್ನು ತುಂಬುತ್ತಾರೆ, ನಡುನಡುವೆ ಮಣಿ ಕೂರಿಸುತ್ತಾರೆ, ಕೆಳಗೆ ಕುಚ್ಚು ಕಟ್ಟುತ್ತಾರೆ.

ತೊಂದರೆಯಿರುವುದು ಸ್ಟಿಚ್ಚಿನಲ್ಲಲ್ಲ, ಸಾಮಗ್ರಿಯಲ್ಲಿ. ರೇಷ್ಮೆಯಂತಹ ನುಣುಪು ದಾರ ಕೊಕ್ಕೆಯಿಂದ ಜಾರುತ್ತದೆ, ಹಲವು ಎಳೆಗಳನ್ನು ಜೋಡಿಸಿ ಹೆಣೆಯುವುದರಿಂದ ಒಂದೆರಡು ಎಳೆ ಕೊಕ್ಕೆಗೆ ಸಿಗದೆ ಹೊರಗೆ ಉಳಿದು ಕೂದಲಿನಂತೆ ನೇತಾಡುತ್ತವೆ, ಮತ್ತು ತಪ್ಪಾಗಿ ಚುಚ್ಚಿದ ತೂತು ರೇಷ್ಮೆ ಸೀರೆಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಉಲ್ಲನ್‌ನಲ್ಲಿ ಹತ್ತು ಸಲ ಬಿಚ್ಚಬಹುದು, ಸೆರಗಿನಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ದಪ್ಪ ದಾರದಲ್ಲಿ ಸಿಂಗಲ್ ಮತ್ತು ಡಬಲ್ ಕಣ್ಣುಮುಚ್ಚಿ ಬರುವಷ್ಟಾದ ಮೇಲೆ, ಹಳೆಯ ದುಪಟ್ಟಾದ ಅಂಚಿನಲ್ಲಿ ಒಂದು ಮೊಳ ಮಾಡಿ ನೋಡಿ, ಆಮೇಲೆ ಸೀರೆಗೆ ಕೈಹಾಕುವುದು ಒಳ್ಳೆಯದು. ಮೊದಲೇ ಸೆರಗಿನ ಅಗಲವನ್ನು ಅಳೆದು ಸಮದೂರದಲ್ಲಿ ಚುಕ್ಕೆ ಗುರುತು ಮಾಡಿಕೊಂಡರೆ ಕೊನೆಯಲ್ಲಿ ಅರ್ಧ ಕಮಾನು ಉಳಿಯುವ ಪೇಚಾಟವೂ ತಪ್ಪುತ್ತದೆ.

ಕೆಲಸ ಮುಗಿದಾಗ ದಾರವನ್ನು ಹೆಣಿಗೆಯಿಂದ 15 ಸೆಂಟಿಮೀಟರ್ ದೂರದಲ್ಲಿ ಕತ್ತರಿಸಿ, ಕೊನೆಯ ಕುಣಿಕೆಯೊಳಗಿನಿಂದ ಪೂರ್ತಿಯಾಗಿ ಎಳೆದುಬಿಟ್ಟರೆ ಆ ಒಂಟಿ ಕುಣಿಕೆಯೂ ಮುಚ್ಚಿಕೊಳ್ಳುತ್ತದೆ. ಉಳಿದ ತುದಿಯನ್ನು ಗಂಟು ಹಾಕಿ ಕತ್ತರಿಸುವ ಆಸೆಯಾಗುತ್ತದೆ, ಆದರೆ ನಾಲ್ಕು ಸಲ ಒಗೆದ ಮೇಲೆ ಗಂಟು ಬಿಚ್ಚುವುದು ಸಾಮಾನ್ಯ. ಅಗಲ ಕಣ್ಣಿನ ಮೊಂಡು ಸೂಜಿಗೆ ಆ ತುದಿಯನ್ನು ಪೋಣಿಸಿ, ಹಿಂಭಾಗದಲ್ಲಿ ಸ್ಟಿಚ್ಚುಗಳ ಬುಡದಲ್ಲಿ ಐದಾರು ಸೆಂಟಿಮೀಟರ್ ಒಂದು ದಿಕ್ಕಿಗೆ ನುಸುಳಿಸಿ, ಒಂದು ಎಳೆಯನ್ನು ದಾಟಿ ಅದೇ ದಾರಿಯಲ್ಲಿ ಹಿಂದಕ್ಕೆ ತಂದು, ಹೆಣಿಗೆಯನ್ನು ನಾಲ್ಕೂ ಕಡೆಗೆ ಒಮ್ಮೆ ಹಿಗ್ಗಿಸಿ ನೋಡಿದ ಮೇಲೆಯೇ ಮಿಕ್ಕ ದಾರವನ್ನು ಕತ್ತರಿಸಬೇಕು.